ಆರು ಸಾಲು ಅವರೆ, ಎರಡು ಪಾತ್ರೆ ಸಾರು

ಮೊದಲಿಗೆ ಮಾಗಿಯ ಮಂಜಿಗೆ ನಮಸ್ಕಾರ. ಸದ್ದಿಲ್ಲದೆ ಇಳಿದು, ಅವರೆಯ ಹೂವನ್ನು ಮುಟ್ಟಿ, ಕಾಯಿಯ ಸಿಪ್ಪೆಯೊಳಕ್ಕೆ ಸೊಗಡೆಂಬ ಪರಮಗಂಧವನ್ನು ತುಂಬಿ, ಬಿಸಿಲೇರುವ ಮುಂಚೆ ಯಾರ ಕೃತಜ್ಞತೆಗೂ ಕಾಯದೆ ಹೊರಟುಹೋಗುವ ಆ ಮೌನದೇವತೆಗೆ ನಮಸ್ಕಾರ. ಆಮೇಲೆ ಆ ಗಂಧವನ್ನು ಮೂರು ಮನೆಯಾಚೆಯಿಂದಲೇ ಹಿಡಿದು, ಇವತ್ತು ಯಾರ ಮನೆಯಲ್ಲಿ ಯಾವ ಸಾರು ಎಂದು ತಪ್ಪದೆ ಹೇಳಬಲ್ಲ ಮಾಗಡಿ ಸೀಮೆಯ ಮೂಗುಗಳಿಗೆ ನಮಸ್ಕಾರ. ಇವೆರಡರ ಅನುಗ್ರಹವಿಲ್ಲದೆ ಈ ಕಥೆ ಒಂದು ಹೆಜ್ಜೆ ಮುಂದೆ ಹೋಗಲಾರದು.

ಕಲಿಯುಗದ ಪ್ರಥಮಪಾದದಲ್ಲಿ, ರಾಗಿ ಕೊಯ್ಯುವ ಲೋಹದೈತ್ಯರು ಊರೂರಿನ ಎಲ್ಲೆಯನ್ನು ದಾಟಿ ಘರ್ಜಿಸತೊಡಗಿದ್ದ ಕಾಲದಲ್ಲಿ, ಪುಷ್ಯಮಾಸದ ಚಳಿಗೆ ಕೋಳಿಗಳೂ ತಡವಾಗಿ ಏಳುತ್ತಿದ್ದ ಪರ್ವದಲ್ಲಿ, ಬೆಣಚುಕಲ್ಲುದೊಡ್ಡಿಯೆಂಬ ಮೂವತ್ತೆಂಟು ಮನೆಗಳ ಮಹಾನಗರಿಯಲ್ಲಿ ಒಬ್ಬ ವೀರನಾರಿ ಇದ್ದಳು. ಮುದ್ದೆಕೋಲಾಯುಧಧಾರಿಣಿ, ಸೌದೆಧೂಮಸಹನಶೀಲೆ, ದಧಿಘೃತತಕ್ರಸಾಮ್ರಾಜ್ಯಪಾಲಿನಿ, ಸಮಸ್ತಾವರೆಕಾಯಿಸಂತತಿಸಂರಕ್ಷಣಬದ್ಧಕಂಕಣೆ. ಇಷ್ಟು ಬಿರುದುಗಳಿದ್ದರೂ ರೇಷನ್ ಕಾರ್ಡಿನಲ್ಲಿ ಜಾಗ ಸಾಲದೆ ಬರೀ ಹೊಂಬಾಳಮ್ಮ ಎಂದು ಬರೆದುಕೊಂಡಿದ್ದರು. ಕೂಗುವವರು ಹೊಂಬಾಳಿ ಎನ್ನುತ್ತಿದ್ದರು. ಅವಳ ಗಂಡ ಗಂಗಹನುಮಯ್ಯ. ಅತ್ತೆ ಸಣ್ಣತಾಯಮ್ಮ, ಎಂಬತ್ತು ದಾಟಿದವಳು, ಕಣ್ಣು ಮಂಜಾಗಿದ್ದರೂ ನಾಲಿಗೆ ಎರಡೂ ಅರ್ಥದಲ್ಲಿ ಚುರುಕಾಗಿದ್ದವಳು.

ಯುದ್ಧ ನಡೆದದ್ದು ಅಕ್ಕಡಿ ಸಾಲಿಗಾಗಿ. ಅಕ್ಕಡಿ ಎಂದರೇನೆಂದು ಕೇಳುವ ಪಟ್ಟಣದವರಿಗಾಗಿ ರಥ ಒಂದು ಗಳಿಗೆ ನಿಲ್ಲಲಿ. ರಾಗಿ ಹೊಲದಲ್ಲಿ ಒಂದಷ್ಟು ಸಾಲು ರಾಗಿಯಾದ ಮೇಲೆ ಒಂದು ಸಾಲನ್ನು ಉಳಿದವರಿಗೆಂದು ಬಿಡುತ್ತಾರೆ. ಉಳಿದವರೆಂದರೆ ಅವರೆ, ಹುಚ್ಚೆಳ್ಳು, ಜೋಳ, ಅಲ್ಲೊಂದು ಇಲ್ಲೊಂದು ಹರಳು ಗಿಡ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಜೋಳದ ತೆನೆಯ ಮೇಲೆ ಹಕ್ಕಿ ಕೂತು ನಾಲ್ಕು ಕಾಳು ತಿನ್ನುತ್ತದೆ, ತಿಂದದ್ದಕ್ಕೆ ನಲವತ್ತು ಹುಳ ಹೆಕ್ಕಿಕೊಡುತ್ತದೆ. ಅವರೆ ಎಲ್ಲರ ಕಾಲಡಿ ಹಬ್ಬಿ ನೆಲದ ತೇವ ಕಾಯುತ್ತದೆ. ರಾಗಿ ಕೊಯ್ಯುವಾಗ ಕುಡುಗೋಲು ಅವರೆಯನ್ನು ಬಳಸಿಕೊಂಡು ಹೋಗುತ್ತದೆ; ರಾಗಿಯೆಲ್ಲ ಮೆದೆ ಸೇರಿದ ಮೇಲೆ ಬೋಳು ಹೊಲದಲ್ಲಿ ಅವರೆಯೊಂದೇ ಉಳಿದು, ನೆಮ್ಮದಿಯಾಗಿ ಮಂಜು ಕುಡಿದು ಕಾಯಿ ಕಚ್ಚುತ್ತದೆ. ಆ ಸೀಮೆಯ ಪದ್ಧತಿಯಲ್ಲಿ ಹೊಲದ ರಾಗಿ ಗಂಡಸಿನ ಕಾರುಬಾರು, ಅಕ್ಕಡಿ ಹೆಂಗಸಿನದು. ಬಿತ್ತುವವಳೂ ಅವಳೇ, ಬಿಡಿಸುವವಳೂ ಅವಳೇ, ಯಾರ ಮನೆಗೆ ಒಂದು ಮಡಿಲು ಕಾಯಿ ಹೋಗಬೇಕು, ಯಾರ ಮನೆಗೆ ಹೋಗಕೂಡದು ಎಂದು ತೀರ್ಮಾನಿಸುವವಳೂ ಅವಳೇ. ಹೊಂಬಾಳಮ್ಮನಿಗೆ ಬೇರೆ ರಾಜ್ಯವಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ಅವಳು ಆಳಿದ್ದು ಇದೊಂದನ್ನೇ.

ಇನ್ನು ಲೋಹದೈತ್ಯನ ವಿಷಯ. ಅವನಿಗೆ ರಾಗಿ ಯಾವುದು, ಅವರೆ ಯಾವುದು ಎಂಬ ವಿವೇಕವಿಲ್ಲ. ಎದುರಿಗೆ ಸಿಕ್ಕಿದ್ದನ್ನೆಲ್ಲ ಬುಡಸಮೇತ ನುಂಗಿಕೊಂಡು ಹೋಗುತ್ತಾನೆ. ಆದ್ದರಿಂದ ಅವನನ್ನು ಕರೆಸುವವರು ಹೊಲದಲ್ಲಿ ರಾಗಿಯೊಂದನ್ನೇ ಬಿತ್ತಬೇಕು. ಗಂಗಹನುಮಯ್ಯನನ್ನೂ ಸುಮ್ಮನೆ ಬೈಯುವ ಹಾಗಿಲ್ಲ. ಆ ವರ್ಷ ಕೊಯ್ಲಿಗೆ ಒಬ್ಬ ಆಳೂ ಸಿಗದೆ ಗಂಡ ಹೆಂಡತಿ ಇಬ್ಬರೇ ಹನ್ನೊಂದು ದಿನ ಬಗ್ಗಿ ರಾಗಿ ಕೊಯ್ದಿದ್ದರು. ಹನ್ನೆರಡನೆಯ ದಿನ ಅವನು ನೆಟ್ಟಗಾಗಲು ಹೋಗಿ, ಆಗದೆ, ಮಧ್ಯದಲ್ಲಿ ನಿಂತುಬಿಟ್ಟಿದ್ದ. ಆ ಭಂಗಿಯಲ್ಲೇ ಅವನಿಗೆ ಯಂತ್ರದ ಜ್ಞಾನೋದಯವಾದದ್ದು.

ಒಂದು ಬೆಳಗ್ಗೆ ಹೊಂಬಾಳಮ್ಮ ಕಾಯಿ ಬಿಡಿಸಲು ಕುಕ್ಕೆ ಹಿಡಿದು ಹೊರಟಾಗ, ಗಂಗಹನುಮಯ್ಯ ಜಗಲಿಯ ಮೇಲೆ ಬೆನ್ನಿಗೆ ಬಿಸಿಲು ಕಾಯಿಸುತ್ತ ಕೂತಿದ್ದವನು, ಬೀಡಿಯ ಬೂದಿ ಕೊಡವಿ, ಜಗತ್ತು ತಿರುಗುವಂಥ ಮಾತನ್ನು ಬಹಳ ಹಗುರವಾಗಿ ಆಡಿದ.

"ಬಿತ್ತನೆಗೆ ಅಂತ ಸಾಲಿನ ಕೊನೇಲಿ ಬುಟ್ಟಿದ್ದೀಯಲ್ಲ, ಆ ಕಾಯ್ನೂವೆ ಬಿಡಿಸ್ಕಬುಡು. ಮುಂದಿನ್ ವರ್ಷದಿಂದ ಅಕ್ಕಡಿ ಬ್ಯಾಡ. ಮಿಷಿನ್ ಬತ್ತದೆ."

ಆಗ ದಿಕ್ಕುಗಳು ಮಂಕಾದವು. ಹಟ್ಟಿಯ ಹಸು ಮೆಲುಕು ನಿಲ್ಲಿಸಿತು. ಸಮಸ್ತಾವರೆಕಾಯಿಸಂತತಿಸಂರಕ್ಷಣಬದ್ಧಕಂಕಣೆಯಾದ ಆ ಸಾಧ್ವಿ ಕುಕ್ಕೆಯನ್ನು ನೆಲಕ್ಕಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಸಿಡಿಲಿನಂತೆ ಮೊಳಗಿದಳು: "ಎಲೈ ರಾಗಿಕ್ಷೇತ್ರಾಧಿಪತಿಯೇ, ಮಧುಪವೃಂದಕ್ಕೆ ಮಧುವನ್ನೂ, ವಿಹಂಗಕುಲಕ್ಕೆ ಕಾಳನ್ನೂ, ನಿನ್ನ ಜಠರಾಗ್ನಿಗೆ ವರ್ಷವರ್ಷವೂ ಆಹುತಿಯನ್ನೂ ಇತ್ತ ಈ ಪುಣ್ಯಸಾಲುಗಳನ್ನು ಒಬ್ಬ ಡೀಸೆಲುಪಾಯಿಗೆ ಬಲಿಗೊಡಲು ನಿನಗೆ ಮನಸ್ಸಾದರೂ ಹೇಗೆ ಬಂದಿತು?"

ವೀರಗಾಥೆಯ ಮರ್ಯಾದೆಗೆ ತಕ್ಕಂತೆ ಬರೆದರೆ ಹಾಗೆ. ಎದುರುಮನೆಯವರಿಗೆ ಕೇಳಿಸಿದ್ದು ಇಷ್ಟು: "ನಿನ್ ಮಿಷಿನ್ ಬತ್ತದೆ ಅಂತ ನಾನು ಒಲೆ ಆರಿಸ್ಕಂಡು ಕೂತ್ಕಳ್ನಾ? ಒಂದೊರ್ಸ ಬಿತ್ನಿಲ್ಲ ಅಂದ್ರೆ ಬೀಜ ಹುಳ ಹಿಡ್ದು ಹೋಯ್ತದೆ. ಆಮ್ಯಾಕೆ ಯಾವ ಅಂಗ್ಡೀಲಿ ತತ್ತೀಯ?"

ಅದು ಅವಳು ಮದುವೆಯಾಗಿ ಬರುವಾಗ ಕುಣಿಗಲ್ ಕಡೆಯ ತವರಿಂದ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಬೀಜ. ಪ್ರತಿ ವರ್ಷ ಬಿತ್ತಿ, ಪ್ರತಿ ವರ್ಷ ಒಣಗಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಮುಚ್ಚಿಟ್ಟು ಇಲ್ಲಿಯವರೆಗೆ ತಂದಿದ್ದಳು. ಅದರ ಹೆಸರೇನೆಂದು ಯಾವ ಅಂಗಡಿಯವನಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, "ನಮ್ಮವ್ವನ್ ಅವರೆ" ಎನ್ನುತ್ತಿದ್ದಳು.

ಗಂಗಹನುಮಯ್ಯ ವಾದದಲ್ಲಿ ಸೋಲುವ ಕುಲದವನಲ್ಲ. ಸೋಲುವಂತೆ ಕಂಡಾಗ ಏನಾದರೊಂದು ಹೇಳಿಬಿಡುವ ಕುಲದವನು. ಹೇಳಿಬಿಟ್ಟ.

"ಅವರೆ ಅವರೇನೇ ಕಣಮ್ಮಿ. ಸಂತೇಲಿ ಗುಡ್ಡೆ ಗುಡ್ಡೆ ಹಾಕ್ಕಂಡವ್ರೆ. ಬೆಂದ್ಮ್ಯಾಲೆ ಯಾವ್ದು ಯಾರೊಲದ್ದು ಅಂತ ಯಾವನ್ ಕಂಡವ್ನೆ?"

ಈ ಮಾತನ್ನು ಬೇರೆ ಯಾವುದಾದರೂ ತಾಲ್ಲೂಕಿನಲ್ಲಿ ಆಡಿದ್ದರೆ ಕ್ಷಮೆಯಿತ್ತು. ಮಾಗಡಿ ಸೀಮೆಯಲ್ಲಿ ಹುಟ್ಟಿ, ಮಾಗಡಿ ಸೀಮೆಯ ಜಗಲಿಯ ಮೇಲೆ ಕೂತು ಆಡಿದ್ದ. ಮೂಲೆಯಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದ ಸಣ್ಣತಾಯಮ್ಮ ಕಂಬಳಿ ಸರಿಸಿ, ಇವನನ್ನು ಹೆತ್ತದ್ದು ತಾನೇ ಹೌದೋ ಎಂಬಂತೆ ಮಗನ ಕಡೆ ನೋಡಿದಳು.

ಪಂಥ ಅಲ್ಲೇ ಕಟ್ಟಿತು. ಎರಡು ಪಾತ್ರೆಯಲ್ಲಿ ಹಿದುಕಿದ ಬೇಳೆ ಸಾರು. ಒಂದರಲ್ಲಿ ಅಕ್ಕಡಿಯ ಅವರೆ, ಇನ್ನೊಂದರಲ್ಲಿ ಸಂತೆಯ ಅವರೆ. ಮಸಾಲೆ ಒಂದೇ, ಉರಿ ಒಂದೇ. ಯಾವುದು ಯಾವುದೆಂದು ಹೇಳದೆ ಬಡಿಸುವುದು. ಗಂಗಹನುಮಯ್ಯ ಮುದ್ದೆ ಮುಟ್ಟಿ, ನಾಲಿಗೆಗೆ ಅನಿಸಿದ್ದನ್ನೇ ಹೇಳಬೇಕು. ಅನ್ನದ ಮೇಲೆ ಸುಳ್ಳಾಡುವವನು ಅವನಲ್ಲ, ಅದನ್ನು ಹೆಂಡತಿಯೂ ಒಪ್ಪಿದಳು. ಎರಡೂ ಒಂದೇ ಎಂದು ಅವನಿಗೆ ಅನಿಸಿದರೆ ಬಿತ್ತನೆಯ ಕಾಯಿಯನ್ನು ಹೊಂಬಾಳಮ್ಮ ತನ್ನ ಕೈಯಾರೆ ಬಿಡಿಸಿ ಸಾರಿಗೆ ಹಾಕುವುದು. ಬೇರೆ ಬೇರೆ ಎಂದು ಗುರುತಿಸಿದರೆ ಮಿಷಿನ್ ಅಕ್ಕಡಿಯ ಗಡಿಯಾಚೆ ನಿಲ್ಲುವುದು. ನ್ಯಾಯಪೀಠ ಸಣ್ಣತಾಯಮ್ಮನದು. ಅವಳು ಪೀಠ ಒಪ್ಪಿಕೊಳ್ಳುವ ಮುಂಚೆ ಕೇಳಿದ್ದು ಒಂದೇ, ತನಗೂ ಎರಡು ಬಟ್ಟಲು ಸಿಗುತ್ತವೆಯೇ ಎಂದು.

ಸೇನೆಗಳ ವರ್ಣನೆ ಮಾಡದೆ ಯುದ್ಧಕ್ಕೆ ಹಾರುವುದು ಸಭ್ಯರ ಲಕ್ಷಣವಲ್ಲ. ಸಂತೆಯಿಂದ ಗಂಗಹನುಮಯ್ಯ ತಾನೇ ಆರಿಸಿ ತಂದ ಸೇನೆ ನೋಡಲು ಕಣ್ಣು ಸಾಲದು: ಒಂದೇ ಎತ್ತರ, ಒಂದೇ ಹೊಳಪು, ಕಾಯಿಗೊಂದು ಚುಕ್ಕೆಯಿಲ್ಲ, ಹುಳುವಿಲ್ಲ, ಔಷಧಿ ಕುಡಿದು ಬೆಳೆದ ಶಿಸ್ತು. ಹೊಂಬಾಳಮ್ಮನ ಸೇನೆ ಹೊಲದಿಂದ ಬಂದದ್ದು: ಗಿಡ್ಡವರು, ಸೊಟ್ಟವರು, ಒಂದು ಕಡೆ ಕೆಂಪಾದವರು, ಎರಡೇ ಕಾಳಿನವರು, ಮೂರರಲ್ಲಿ ಒಬ್ಬನ ಹೊಟ್ಟೆಯಲ್ಲಿ ಹಸಿರು ಹುಳು. ಆದರೆ ಬಿಡಿಸಿದ ಬೆರಳಿಗೆ ಎಣ್ಣೆಯಂತೆ ಅಂಟಿಕೊಂಡು, ಸೋಪು ಹಾಕಿ ತೊಳೆದರೂ ಬಿಡದ ಸೊಗಡು. ಹುಳುಗಳನ್ನು ಅವಳು ಅಂಗಳಕ್ಕೆ ಎಸೆದಳು, ಕೋಳಿಗಳು ಆ ವೀರಮರಣಗಳನ್ನು ಬೇಗಬೇಗ ಮುಗಿಸಿದವು. ಹುಳ ಯಾಕೆ ಇಷ್ಟೊಂದು ಎಂದು ಗಂಡ ಕೆಣಕಿದರೆ, ಹುಳುವಿಗೆ ನಿನಗಿಂತ ರುಚಿ ಗೊತ್ತು, ನಿನ್ನ ಸಂತೆಯ ಕಾಯಿಯನ್ನು ಅದು ಮೂಸಿಯೂ ನೋಡಿಲ್ಲ ಎಂದು ಉತ್ತರ ಕೊಟ್ಟಳು.

ಸುಲಿದ ಕಾಳುಗಳು ಆ ಸಂಜೆ ನೀರಿಗಿಳಿದವು: ಅಕ್ಕಡಿಯವು ಸಿಲವಾರದ ಪಾತ್ರೆಯಲ್ಲಿ, ಸಂತೆಯವು ಸ್ಟೀಲ್ ಬೋಸಿಯಲ್ಲಿ. ಬೆಳಗಾಗುವ ಹೊತ್ತಿಗೆ ಎರಡೂ ಕಡೆ ಕಾಳು ಊದಿ, ಹಿದುಕಲು ಸಿದ್ಧವಾಗಿ ನಿಂತವು. ಹಿದುಕುವುದೆಂದರೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತುವುದು. ಸಿಪ್ಪೆ ಕೈಯಲ್ಲಿ ಉಳಿದು ಒಳಗಿನ ಬೇಳೆ ಬಾಣದಂತೆ ಚಿಮ್ಮುತ್ತದೆ. ಹೊಂಬಾಳಮ್ಮ ಎರಡು ತಟ್ಟೆ ಎದುರಿಗಿಟ್ಟುಕೊಂಡು, ಸೆರಗು ಸಿಕ್ಕಿಸಿ, ಮೊದಲ ಬಾಣಕ್ಕೆ ಬೆರಳು ಮಡಿಸಿದಳೋ ಇಲ್ಲವೋ, ಹಟ್ಟಿಯ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಹುರುಳಿಗೆ ನುಗ್ಗಿದೆಯೆಂದು ಬೀದಿಯಿಂದ ಕೂಗು ಬಂತು. ಗಂಡನ ಬೆನ್ನು ಓಡುವ ಬೆನ್ನಲ್ಲ. ಅತ್ತೆ ಹಿತ್ತಲಲ್ಲಿ ಬಿಸಿಲು ಕಾಯುತ್ತಿದ್ದಳು. ಹೊಂಬಾಳಮ್ಮನೇ ಎದ್ದು ಓಡಿದಳು.

ಈ ನಡುವೆ ಎದುರುಮನೆಯ ಚೆನ್ನಾಜಮ್ಮ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದಳು.

ಬೆಣಚುಕಲ್ಲುದೊಡ್ಡಿಯಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಬರುವ ಒಂದು ನಡವಳಿಕೆಯಿದೆ. ಯಾರ ಮನೆಗೆ ಹೋದಾಗಲೂ ನೆನೆದ ಅವರೆ ಕಂಡರೆ, ಬಂದ ಕೆಲಸ ಏನೇ ಇರಲಿ, ಕೂತು ಹಿದುಕಬೇಕು. ಹಾಲಿನವನೂ ಹಿದುಕುತ್ತಾನೆ. ಜಗಳವಾಡಲು ಬಂದವರು ಹಿದುಕುತ್ತಲೇ ಜಗಳವಾಡಿ ಹೋಗುತ್ತಾರೆ. ಹಿದುಕದೆ ಎದ್ದುಹೋದವಳ ಹೆಸರು ಆ ಊರಿನಲ್ಲಿ ಹತ್ತು ವರ್ಷವಾದರೂ ನೆನಪಿರುತ್ತದೆ. ಚೆನ್ನಾಜಮ್ಮ ಕೂತಳು. ಅವಳ ಬೆರಳುಗಳು ಊರಿಗೇ ಹೆಸರಾದವು; ಹೊಂಬಾಳಮ್ಮ ಹಸುವಿನ ಹಿಂದೆ ಮೂರು ಬದು ಹಾರುವಷ್ಟರಲ್ಲಿ ಸಿಲವಾರದ ಪಾತ್ರೆ ಖಾಲಿ. ಆಮೇಲೆ ಸ್ಟೀಲ್ ಬೋಸಿ ಎಳೆದುಕೊಂಡಳು. ಎದುರಿಗೆ ಎರಡು ತಟ್ಟೆಯಿದ್ದವು ನಿಜ. ಆದರೆ ಒಂದರಲ್ಲಿ ಹಿಡಿಯುವುದನ್ನು ಎರಡರಲ್ಲಿ ಹಾಕಿ ಎರಡು ತಟ್ಟೆ ತೊಳೆಸುವುದು ಸಂಸಾರಸ್ಥರ ಲಕ್ಷಣವಲ್ಲವೆಂದು ಅವಳ ಬೆರಳುಗಳಿಗೇ ಗೊತ್ತಿತ್ತು.

ಹೊಂಬಾಳಮ್ಮ ಹಸುವನ್ನು ಕಟ್ಟಿ, ಏದುಸಿರು ಬಿಡುತ್ತ ಒಳಗೆ ಬಂದಾಗ ಕಂಡದ್ದು ಒಂದು ತಟ್ಟೆ. ತಟ್ಟೆಯ ತುಂಬ ಮಲ್ಲಿಗೆ ಮೊಗ್ಗಿನ ರಾಶಿಯಂತೆ ಬೇಳೆ. ಅಕ್ಕಡಿಯದು ಯಾವುದು, ಸಂತೆಯದು ಯಾವುದು ಎಂದು ಹೇಳಲು ಆಕಾಶವಾಣಿಯೇ ಆಗಬೇಕು.

"ಎರಡ್ರಾಗ್ ಯಾಕ್ ನೆನೆಹಾಕಿದ್ಯೇ ಹೊಂಬಾಳಿ, ಒಂದ್ರಾಗೇ ಹಿಡೀತಿತ್ತಲ್ಲ," ಎಂದಳು ಚೆನ್ನಾಜಮ್ಮ, ಸಿಪ್ಪೆ ಕೊಡವಿಕೊಂಡು ಏಳುತ್ತ. "ಮೊಸ್ರು ಕೊಡು, ಹೊತ್ತಾಯ್ತು."

ಎರಡು ಕಡೆಯ ಸೈನ್ಯ ಒಂದರೊಳಗೊಂದು ಕರಗಿಹೋದದ್ದನ್ನು ಕಂಡ ಸೇನಾಪತಿಗೂ ಅವತ್ತಿನ ಹೊಂಬಾಳಮ್ಮನಿಗೂ ಇದ್ದ ವ್ಯತ್ಯಾಸ ಒಂದೇ: ಸೇನಾಪತಿ ಬೈಯಬಹುದು. ಸಹಾಯ ಮಾಡಿದವಳನ್ನು ಬೈಯುವ ಶಾಸ್ತ್ರ ಯಾವ ದೊಡ್ಡಿಯಲ್ಲೂ ಇಲ್ಲ. ಅವಳು ತುಟಿ ಬಿಗಿಹಿಡಿದು ಮೊಸರು ಕೊಟ್ಟಳು. ಒಂದು ಚಮಚ ಕೇಳಿದ್ದಕ್ಕೆ ಎರಡು ಕೊಟ್ಟಳು.

ಹೊಸದಾಗಿ ನೆನೆಹಾಕಲು ಹೊತ್ತಿರಲಿಲ್ಲ. ಮಿಷಿನ್‌ನವನಿಗೆ ಮಾರನೇ ದಿನವೇ ಮಾತು ಕೊಡಬೇಕು, ತಡವಾದರೆ ಮುಂದಿನ ಕೊಯ್ಲಿನ ಪಟ್ಟಿಯಲ್ಲಿ ಹೆಸರು ಹಿಂದೆ ಬೀಳುತ್ತದೆ ಎಂದು ಗಂಗಹನುಮಯ್ಯ ಬೆಳಗಿನಿಂದ ಮೂರು ಸಲ ಹೇಳಿದ್ದ. ಒಲೆಯ ಮುಂದೆ ಕೂತು ಅವಳು ಧರ್ಮಸಂಕಟದ ಮಹಾಸಾಗರದಲ್ಲಿ ಮುಳುಗೆದ್ದಳು. ಒಂದು ಪಾತ್ರೆಗೆ ಒಂದು ಚಮಚ ತುಪ್ಪ ಹೆಚ್ಚು ಬಿದ್ದರೆ ಯಾರಿಗೆ ತಿಳಿಯುತ್ತದೆ? ನಾಲ್ಕು ಅಕ್ಕಡಿ ಕಾಯಿಯ ಸಿಪ್ಪೆ ಜಜ್ಜಿ ರಸ ಹಿಂಡಿದರೆ? ಕೈ ಸಿಪ್ಪೆಯ ಕಡೆಗೆ ಹೋಗಿಯೂ ಹೋಯಿತು. ಆದರೆ ಮುದ್ದೆ ಮುಟ್ಟಿ ಹೇಳು ಎಂದು ಗಂಡನಿಗೆ ಷರತ್ತು ಹಾಕಿದವಳು ತಾನೇ ಅಲ್ಲವೇ? ಅದೇ ಮುದ್ದೆಯ ಪಕ್ಕ ಕಳ್ಳಸಾರು ಬಡಿಸುವುದು ಹೇಗೆ? ಕೈ ವಾಪಸ್ಸು ಬಂತು. ಬೇಳೆಯನ್ನು ಸಮನಾಗಿ ಎರಡು ಪಾಲು ಮಾಡಿ, ಒಂದೇ ಮಸಾಲೆಯನ್ನು ಎರಡಕ್ಕೂ ಹಂಚಿ ಕುದಿಸಿದಳು. ಅವನು ಎರಡೂ ಒಂದೇ ಎನ್ನುತ್ತಾನೆ, ಅದು ನಿಜವೂ ಆಗಿರುತ್ತದೆ. ಆಗ ನಡೆದದ್ದನ್ನು ಹೇಳಿ, ಇನ್ನೊಂದು ದಿನ ಕೊಡು ಎಂದು ಬೇಡುವುದು. ಕೊಡದಿದ್ದರೆ ಕುಕ್ಕೆ ಹಿಡಿದು ಹೊಲಕ್ಕೆ ಹೋಗುವುದು. ಹೀಗೆ ನಿರ್ಧರಿಸಿ, ಸೋಲು ಖಾತ್ರಿಯೆಂದು ಬಲ್ಲ ವೀರರು ರಣಕ್ಕೆ ಹೋಗುವ ಗಾಂಭೀರ್ಯದಿಂದ ಮುದ್ದೆ ತೊಳಸಿದಳು.

ಮಧ್ಯಾಹ್ನ ಪಡಸಾಲೆಯಲ್ಲಿ ಗಂಗಹನುಮಯ್ಯ ಕೂತ. ಎದುರಿಗೆ ತಾಯಿ. ತಟ್ಟೆಯ ನಡುವೆ ಹೊಗೆಯಾಡುವ ಮುದ್ದೆ, ಎಡಕ್ಕೊಂದು ಬಟ್ಟಲು, ಬಲಕ್ಕೊಂದು ಬಟ್ಟಲು. ಅವನು ಮುದ್ದೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಎರಡೂ ಒಂದೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಆಗಲೇ ಬಂದು ನಿಂತಿತ್ತು. ಆಗ ಸಣ್ಣತಾಯಮ್ಮ, ಯಾರನ್ನೂ ಉದ್ದೇಶಿಸದೆ, ಮುದ್ದೆಯನ್ನೇ ನೋಡುತ್ತ ಹೇಳಿದಳು. "ಅವ್ನಿಗೆಲ್ ತಿಳೀತದೆ ಬುಡವ್ವ. ಅವರಪ್ಪನ್ ನಾಲ್ಗೆ ನಾಲ್ಗೆ. ಇವುಂದು ಬೀಡಿ ಎಳ್ದೂ ಎಳ್ದೂ ಚಪ್ಪಲಿ ಅಟ್ಟೆ ಆಗೋಗದೆ."

ತಾಯಿಯ ಬಾಣ ಮರ್ಮಸ್ಥಾನಕ್ಕೇ ತಾಗಿತು. ಏಕೆಂದರೆ ಗಂಗಹನುಮಯ್ಯನಿಗೆ ಈ ಪ್ರಪಂಚದಲ್ಲಿ ಮೇಲೊಂದು ಕೆಳಗೊಂದು ತಾಕಾಗಿದ್ದ ಎರಡು ಎಕರೆ ಹೊಲದ ಹೊರತು ಇದ್ದ ಆಸ್ತಿ ಅವನ ನಾಲಿಗೆಯೊಂದೇ. ಮದುವೆಮನೆಗಳಲ್ಲಿ ಪಂಕ್ತಿಯ ನಡುವೆ ಸಾರು ಚಪ್ಪರಿಸಿ, ಇದು ಇಂಥ ಊರಿನ ಕೆಂಪುನೆಲದ ಅವರೆ, ಇದು ಕೆರೆ ಕೆಳಗಿನದು ಎಂದು ಹೇಳಿ ಅಡಿಗೆಯವರನ್ನು ಬೆಚ್ಚಿಬೀಳಿಸುತ್ತಿದ್ದವನು ಅವನು. ಅಂಥವನು ಕಣ್ಣು ಮುಚ್ಚಿ ಎಡಬಟ್ಟಲಲ್ಲಿ ಮುದ್ದೆ ಅದ್ದಿ ನುಂಗಿದ. ಬಲಬಟ್ಟಲಲ್ಲಿ ಅದ್ದಿ ನುಂಗಿದ. ಮತ್ತೆ ಎಡ. ಮತ್ತೆ ಬಲ. ಹೊಂಬಾಳಮ್ಮ ಸೌಟು ಹಿಡಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವನ ಮುಖದಲ್ಲಿ ಏನೋ ಹೊಳೆಯಿತು.

"ಬಲಗಡೇದು ನಮ್ಮೊಲದ್ದು," ಎಂದ. "ಬಾಯ್ಗಿಕ್ಕುದ್ರೆ ಮೂಗಿಗೆ ಏರ್ತದೆ. ಎಡಗಡೇದು ಸಂತೇದು. ನೀರಲ್ ನೆನ್ದ ರಟ್ಟು ಇದ್ದಂಗದೆ." ಹೇಳಿ, ಎಡಬಟ್ಟಲನ್ನು ಪಕ್ಕಕ್ಕೆ ನೂಕಿ, ಬಲಗಡೆಯದಕ್ಕೆ ಇನ್ನೊಂದು ಸೌಟು ಹಾಕೆಂದು ಬಟ್ಟಲು ಮುಂದೆ ಮಾಡಿದ.

ಬಟ್ಟಲು ಗಾಳಿಯಲ್ಲೇ ನಿಂತಿತು. ತಾನು ಹೇಳಿದ್ದೇನು, ಅದರಿಂದ ಸೋತದ್ದೇನು ಎಂಬುದು ಅವನಿಗೆ ಹೊಳೆದದ್ದು ಆಗ. ಹೆಂಡತಿ ನಗಬೇಕಿತ್ತು, ನಗಲಿಲ್ಲ. ಅದು ಅವನಿಗೆ ಇನ್ನೂ ಭಯ ಹುಟ್ಟಿಸಿತು.

ಅಷ್ಟರಲ್ಲಿ ನ್ಯಾಯಪೀಠ ಎರಡೂ ಬಟ್ಟಲನ್ನು ಖಾಲಿ ಮಾಡಿ ಬೆರಳು ನೆಕ್ಕಿಕೊಂಡಿತು. "ಎರಡೂ ಒಂದೇ ಕಣ್ಲಾ," ಎಂದಳು ಸಣ್ಣತಾಯಮ್ಮ. "ಇದ್ರಾಗೂ ಅರ್ಧ ನಮ್ದು, ಅರ್ಧ ಬ್ಯಾರೇದು. ಅದ್ರಾಗೂ ಅಷ್ಟೇಯ. ಎರಡಕ್ಕೂ ಉಪ್ಪು ಕಮ್ಮಿ."

ಹಿತ್ತಲಲ್ಲಿ ಕೂತಿದ್ದ, ಮೂರು ಮಾರು ಆಚೆಯದನ್ನು ಕಾಣಲಾರದ ಮುದುಕಿಗೆ ಇದು ತಿಳಿಯಲು ನಾಲಿಗೆಯಲ್ಲದೆ ಬೇರೆ ದಾರಿಯಿರಲಿಲ್ಲ. ಹೊಂಬಾಳಮ್ಮ ಸೌಟು ಕೆಳಗಿಟ್ಟು ಎಲ್ಲ ಹೇಳಿದಳು: ಹಸು, ಹುರುಳಿ, ಮೊಸರು, ಚೆನ್ನಾಜಮ್ಮನ ಬೆರಳು, ಒಂದೇ ತಟ್ಟೆ. ಮುಚ್ಚಿಟ್ಟು ಬಡಿಸಿದ್ದು ತನ್ನ ತಪ್ಪು ಎಂದೂ, ಇನ್ನು ಅವನ ಇಷ್ಟವೆಂದೂ ಸೇರಿಸಿದಳು.

ಈಗ ಜಯಲಕ್ಷ್ಮಿ ಹಾರವನ್ನು ಹಿಡಿದು ಗಂಗಹನುಮಯ್ಯನ ಮುಂದೆಯೇ ನಿಂತಿದ್ದಳು. ಎರಡೂ ಒಂದೇ ಎಂದು ಒಪ್ಪಿಕೊಂಡರೆ ಸಾಕು, ಅಕ್ಕಡಿ ಮುಗಿಯಿತು, ಮಿಷಿನ್ ಬಂತು, ಬೆನ್ನು ಉಳಿಯಿತು. ಆದರೆ ಹಾಗೆ ಒಪ್ಪಿಕೊಂಡ ಕ್ಷಣದಲ್ಲೇ ಅವನ ನಾಲಿಗೆ ಚಪ್ಪಲಿಯ ಅಟ್ಟೆಯೆಂದು ಸಾಬೀತಾಗಿ, ಸಂಜೆಯೊಳಗೆ ಆ ಸುದ್ದಿ ಮೂವತ್ತೆಂಟು ಮನೆಗೂ ತಲುಪಿ, ಇನ್ನು ಯಾವ ಮದುವೆಮನೆಯಲ್ಲೂ ಅವನು ಸಾರಿನ ಬಗ್ಗೆ ಬಾಯಿಬಿಡುವ ಹಾಗಿರಲಿಲ್ಲ. ಒಂದು ಕಡೆ ಬೆನ್ನು, ಒಂದು ಕಡೆ ನಾಲಿಗೆ. ಮನುಷ್ಯನ ದೇಹದಲ್ಲಿ ಇಂಥ ಘೋರ ಅಂತರ್ಯುದ್ಧ ಹಿಂದೆ ನಡೆದಿರಲಿಕ್ಕಿಲ್ಲ. ಅವನು ಬಲಬಟ್ಟಲಿನ ತಳ ನೋಡಿದ. ತಾಯಿಯ ಮುಖ ನೋಡಿದ. ಹನ್ನೊಂದು ದಿನ ತನ್ನ ಪಕ್ಕದ ಸಾಲಿನಲ್ಲೇ ಬಗ್ಗಿ ಕೊಯ್ದು, ಒಂದು ದಿನವೂ ಬೆನ್ನಿನ ಮಾತೆತ್ತದ ಹೆಂಡತಿಯ ಮುಖವನ್ನೂ ನೋಡಿದ.

"ಚೆನ್ನಾಜಿ ಬೆರಕೆ ಮಾಡಿರ್ಬೋದು," ಎಂದ ಕೊನೆಗೆ. "ಆದ್ರೆ ನೀನು ಪಾಲು ಮಾಡುವಾಗ ಬಲಗಡೆ ಪಾತ್ರೆಗೆ ನಮ್ಮೊಲದ್ದು ಜಾಸ್ತಿ ಬಿದ್ದದೆ. ನಂಗ್ ಗೊತ್ತಾಯ್ತದೆ."

ಸಣ್ಣತಾಯಮ್ಮ ಏನೋ ಹೇಳಲು ಬಾಯಿ ತೆರೆದವಳು, ಸೊಸೆ ಕೈಯೊತ್ತಿ ಬೇಡಿಕೊಂಡದ್ದಕ್ಕೆ, ಮಜ್ಜಿಗೆ ಕೇಳಿದಳು.

"ಬಿತ್ತನೆ ಕಾಯಿ ಇರ್ಲಿ," ಎಂದ ಗಂಗಹನುಮಯ್ಯ, ಮುದ್ದೆ ಮುರಿಯುತ್ತ. "ಕೆಳಗಿನ ತಾಕಿಗೆ ಮಿಷಿನ್ ಬರ್ಲಿ. ಮೇಗಳ ತಾಕು ಕೈಯಾಗೇ ಕುಯ್ಯನ."

ಹೀಗೆ ಮುಗಿಯಿತು ಆ ಮಹಾಸಮರ. ಸತ್ಯವನ್ನು ಹೇಳಲೇಬೇಕಾದ್ದರಿಂದ ಇದನ್ನೂ ಹೇಳಬೇಕು: ಕೆಳಗಿನ ತಾಕು ಜೌಗು ಮಣ್ಣು, ಅಲ್ಲಿ ಅವರೆ ಬರುವುದಿಲ್ಲ, ಹೊಂಬಾಳಮ್ಮ ಅಲ್ಲಿ ಯಾವತ್ತೂ ಒಂದು ಕಾಳು ಬಿತ್ತಿದವಳೇ ಅಲ್ಲ. ಅವಳ ಅಕ್ಕಡಿಯೆಲ್ಲ ಮೇಲಿನ ತಾಕಿನಲ್ಲೇ ಇತ್ತು, ಒಟ್ಟು ಆರು ಸಾಲು, ಸಾಲಿಗೆ ನಲವತ್ತು ಹೆಜ್ಜೆ. ಕೆಳಗಿನದಕ್ಕೆ ಮಿಷಿನ್, ಮೇಲಿನದಕ್ಕೆ ಕುಡುಗೋಲು ಎಂದು ಮೊದಲ ದಿನ ಜಗಲಿಯ ಮೇಲೆಯೇ ಯಾರಾದರೂ ಒಬ್ಬರು ಹೇಳಿದ್ದರೆ ಒಂದು ಬೀಡಿ ಉರಿದು ಮುಗಿಯುವಷ್ಟರಲ್ಲಿ ಎಲ್ಲ ಇತ್ಯರ್ಥವಾಗುತ್ತಿತ್ತು. ಯಾರಿಗೂ ಹೊಳೆಯಲಿಲ್ಲ.

ಗಂಡ ಮಿಷಿನ್‌ನವನಿಗೆ ಫೋನು ಮಾಡಲು ಹೊರಗೆ ಹೋದ. ಅತ್ತೆ ಮತ್ತೆ ಕಂಬಳಿ ಸೇರಿದಳು. ವಿಜಯಶಾಲಿನಿಯಾದ ಹೊಂಬಾಳಮ್ಮ ಊಟಕ್ಕೆ ಕೂತು ಪಾತ್ರೆಗಳ ಮುಚ್ಚಳ ತೆಗೆದು ನೋಡಿದರೆ, ಎರಡೂ ಬರಿದು. ಕೊನೆಯ ಸೌಟುಗಳನ್ನು ಯಾರು ಯಾವಾಗ ಬಡಿಸಿಕೊಂಡರೋ ಗೊತ್ತಾಗಿರಲಿಲ್ಲ. ಅವಳು ತಣ್ಣಗಾದ ಮುದ್ದೆ ಮುರಿದು, ಎಡಗಡೆ ಪಾತ್ರೆಯ ತಳವನ್ನು ಒರೆಸಿ ತಿಂದಳು. ಬಲಗಡೆಯದರ ತಳವನ್ನು ಒರೆಸಿ ತಿಂದಳು. ಬಾಗಿಲ ಕಡೆ ಒಮ್ಮೆ ನೋಡಿ, ಬಲಗಡೆಯದನ್ನು ಇನ್ನೊಂದು ಸಲ ಒರೆಸಿದಳು.

ಒಂದು ಚೂರು ಜಾಸ್ತಿಯೇ ಇತ್ತು, ಸೊಗಡು.